ನೆಲಮಾಳಿಗೆ ಒಣಗಿಯೇ ಇದೆ

ಮನೆಯಿಂದ,
ಭಾನುವಾರ, ಮಳೆ ಸ್ವಲ್ಪ ಬಿಡುವು ಕೊಟ್ಟ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಹಾಸ್ಟೆಲ್ಲಿನ ಊಟ ಈಗಲಾದರೂ ಮೈಗೆ ಹಿಡಿಯುತ್ತಿದೆಯೇ? ತರಬೇತಿಯಲ್ಲಿ ಕೃತಕ ಕಾಲಿನ ಅಚ್ಚು ತೆಗೆದು ತೆಗೆದು ಬೆರಳ ಸಂದಿಯೆಲ್ಲ ಬಿರಿದಿದೆ ಎಂದು ಹೋದ ವಾರ ಫೋನಿನಲ್ಲಿ ಹೇಳಿದೆಯಂತೆ. ಮಲಗುವ ಮೊದಲು ಎಣ್ಣೆ ಹಚ್ಚಿಕೋ. ನಮಗೆ ಉಪದೇಶ ಮಾಡುವಾಗ ನಿನ್ನ ಬಾಯಿ ಎಷ್ಟು ಜೋರೋ, ನಿನ್ನ ಮೈಯ ವಿಷಯ ಬಂದರೆ ಅಷ್ಟೇ ಉದಾಸೀನ ನಿನಗೆ. ನನ್ನ ಮೊಣಕಾಲು ಇದ್ದ ಹಾಗೇ ಇದೆ, ಕೆಟ್ಟಿಲ್ಲ, ಸುಧಾರಿಸಿಯೂ ಇಲ್ಲ. ರಕ್ತದೊತ್ತಡದ ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ. ನಂಬಿಕೆ ಬರದಿದ್ದರೆ ನಿನ್ನ ಮಗಳನ್ನು ಕೇಳು, ದಿನಾ ಬೆಳಿಗ್ಗೆ ಪೊಲೀಸಿನವಳ ಹಾಗೆ ನನ್ನ ಬಾಯಿ ತೆಗೆಸಿ ನಾಲಿಗೆಯ ಅಡಿಯನ್ನೂ ನೋಡುತ್ತಾಳೆ. ಮಾವ ಇದ್ದಕ್ಕಿದ್ದ ಹಾಗೆ ಪತ್ರ ಯಾಕೆ ಬರೆದರು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ನಾನು ಉತ್ತರ ಹುಡುಕುವಷ್ಟರಲ್ಲಿ ನಿನ್ನ ಗಂಡ ಫೋನು ಕಿತ್ತುಕೊಂಡಿರುತ್ತಾನೆ.

ನಿಜ ಹೇಳಬೇಕೆಂದರೆ ಈ ಪತ್ರ ಬರೆಸುತ್ತಿರುವವನೂ ಅವನೇ. ನೀನು ಎಲ್ಲವನ್ನೂ ಬಿಟ್ಟು ಮನೆಗೆ ಬಂದುಬಿಡಬೇಕು ಎನ್ನುವುದು ಅವನ ಆಸೆ. ತಾನು ಹೇಳಿದರೆ ನೀನು ವಾದಕ್ಕೆ ನಿಲ್ಲುತ್ತೀಯಂತೆ, ನಾನು ಬರೆದರೆ ಮರುಮಾತಿಲ್ಲದೆ ಬರುತ್ತೀಯಂತೆ. “ನಿನ್ನ ಮಾತಂದ್ರೆ ಅವಳಿಗೆ ವೇದವಾಕ್ಯ ಕಣಪ್ಪಾ, ಇಲ್ಲಿ ಏನೇನಾಗಿದೆ ಎಲ್ಲಾ ಬರಿ, ಒಂದೂ ಬಿಡಬೇಡ” ಎಂದು ಪೆನ್ನು ಕೈಗೆ ಕೊಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತ. ಕುಳಿತಲ್ಲೇ ನಿದ್ದೆ ಹೋಗಿದ್ದಾನೆ, ಅದು ಬೇರೆ ಮಾತು. ಎದ್ದ ಮೇಲೆ ಓದಿ ನೋಡುತ್ತಾನಂತೆ. ವಾರಕ್ಕಿಂತ ಹೆಚ್ಚು ರಜೆ ಹಾಕಿದರೆ ತರಬೇತಿಯಿಂದ ಹೆಸರು ಹೊಡೆದುಹಾಕುತ್ತಾರೆ, ಮುಂದಿನ ವರ್ಷಕ್ಕೆ ನಿನ್ನ ವಯಸ್ಸು ಮೀರುತ್ತದೆ, ಮತ್ತೆ ಅದೇ ಆಸ್ಪತ್ರೆಯಲ್ಲಿ ಬಕೆಟ್ಟು ಬ್ಯಾಂಡೇಜು ಹೊರುವ ಆಯಾ ಕೆಲಸಕ್ಕೇ ಬರಬೇಕು ಎನ್ನುವುದು ನನಗೂ ಗೊತ್ತು, ಅವನಿಗೂ ಗೊತ್ತು. ಗೊತ್ತಿದ್ದೂ ಕರೆಯುತ್ತಿದ್ದಾನೆ ಎಂದರೆ ಮನೆ ಯಾವ ಸ್ಥಿತಿಯಲ್ಲಿದೆ ಎಂದು ನೀನೇ ಊಹಿಸು. ಅದನ್ನೇ ಬರೆಯುತ್ತೇನೆ, ತಾಳ್ಮೆಯಿಂದ ಓದು.

ನೆಲಮಾಳಿಗೆಗೆ ನೀರು ನುಗ್ಗಿದೆ. ನೀನು ಇದನ್ನು ಓದಿ ಹುಬ್ಬೇರಿಸುವುದಿಲ್ಲ ಎಂದು ಈಗ ನನಗೆ ಗೊತ್ತಾಗಿದೆ, ಆದರೆ ಆ ದಿನ ನಮಗೆ ಜೀವವೇ ಬಾಯಿಗೆ ಬಂದಿತ್ತು. ಮಳೆ ಶುರುವಾದ ಸಂಜೆ ಬಟ್ಟೆ ಒಗೆಯುವ ಮಷೀನಿನಿಂದ ಸಮವಸ್ತ್ರ ತರಲೆಂದು ನಿನ್ನ ಗಂಡ ಕೆಳಗಿಳಿದ. ಗೋಡೆಯ ಬುಡದಲ್ಲಿ ಒಂದು ಒದ್ದೆ ಗೆರೆ, ನೆಲದಲ್ಲಿ ಅಂಗಾಲು ಮುಳುಗುವಷ್ಟು ನೀರು. ಮೂಲೆಯ ಮೋರಿಬಾಯಿ ನೋಡಿದರೆ ಅದರಲ್ಲಿ ಮಗುವಿನ ಹಳೇ ರಬ್ಬರ್ ಚೆಂಡು ಸಿಕ್ಕಿಕೊಂಡಿದೆ, ಚೆಂಡಿನ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಎರಡು ಇಟ್ಟಿಗೆ. “ನೋಡಪ್ಪಾ ನಿನ್ನ ಮೊಮ್ಮಗಳ ಕಿತಾಪತಿ, ನೀರು ಹೋಗೋ ದಾರೀನೇ ಮುಚ್ಚಿಟ್ಟಿದ್ದಾಳೆ” ಎಂದ. ನಾನೂ ಮೆಟ್ಟಿಲ ಮೇಲೆ ನಿಂತು, ತೆಗೆ ತೆಗೆ, ತೆಗೆದರೆ ಎಲ್ಲ ಹರಿದುಹೋಗುತ್ತದೆ ಎಂದು ಹುರಿದುಂಬಿಸಿದೆ. ಇಟ್ಟಿಗೆ ಎತ್ತಿದ, ಹಲಗೆ ಸರಿಸಿದ, ಚೆಂಡು ತಾನಾಗಿಯೇ ಹಾರಿ ಅವನ ಗಲ್ಲಕ್ಕೆ ಬಡಿಯಿತು. ಅದರ ಹಿಂದೆಯೇ ಬೀದಿಯ ಚರಂಡಿಯೆಲ್ಲ ನಮ್ಮ ಮನೆಗೆ ಬಂತು. ಬಣ್ಣ, ವಾಸನೆ ಬರೆಯುವುದಿಲ್ಲ, ನೀನು ಊಟದ ಹೊತ್ತಿಗೆ ಓದುತ್ತಿರಬಹುದು. ನಮ್ಮ ಇಡೀ ಮನೆತನದಲ್ಲಿ ಇಷ್ಟು ಬುದ್ಧಿವಂತಿಕೆಯ ಕೆಲಸವನ್ನು ಯಾರೂ ಮಾಡಿರಲಿಕ್ಕಿಲ್ಲ.

ಆಮೇಲೆ ಎತ್ತಿಹಾಕುವ ಕೆಲಸ. ನಾನು ಮೊಣಕಾಲಿನವನು, ಮೆಟ್ಟಿಲ ನಡುವೆ ನಿಂತು ಬಕೆಟ್ಟು ಇಸಿದುಕೊಳ್ಳುವುದು ನನ್ನ ಪಾಲಿಗೆ ಬಂತು. ಮೇಲೆ ಬೀದಿಯವರೆಗೆ ಹೊತ್ತೊಯ್ಯಲು ಆಗದೆ, ನೆಲಮಾಳಿಗೆಯ ಆ ಗಿಡ್ಡ ಕಿಟಕಿ ಇದೆಯಲ್ಲ, ಅದರಿಂದಲೇ ಹೊರಗೆ ಸುರಿಯತೊಡಗಿದೆವು. ಸುಲಭವಾಯಿತು ಎಂದು ಒಬ್ಬರನ್ನೊಬ್ಬರು ಹೊಗಳಿಕೊಂಡದ್ದೂ ಉಂಟು. ಮಾರನೆಯ ದಿನ ಅವನು ಬಸ್ಸಿನ ಡ್ಯೂಟಿಗೆ ಹೋಗಿ ಬಂದ ಮೇಲೆ ಮತ್ತೆ ಶುರು. ಎಷ್ಟು ಎತ್ತಿದರೂ ಒಂದು ಬೆರಳಿನಷ್ಟೂ ಇಳಿಯಲಿಲ್ಲ. ಸೊಂಟ ಬಿದ್ದುಹೋಗಿ ಇಬ್ಬರೂ ಗೋಡೆಗೆ ಒರಗಿದ್ದಾಗ ಮೇಲಿನ ಮನೆಯ ಟೈಲರಮ್ಮ ತನ್ನ ಕಿಟಕಿಯಿಂದ ತಲೆ ಹಾಕಿ, “ಅಣ್ಣಾ, ಬೇಜಾರು ಮಾಡ್ಕೋಬೇಡಿ, ನೀವು ಗೋಡೆ ಬುಡಕ್ಕೆ ಸುರೀತಿರೋ ನೀರು ಅದೇ ಗೋಡೆಯಿಂದ ತಿರುಗಿ ನಿಮ್ಮನೆಗೇ ಬರ್ತಿದೆ” ಎಂದಳು. ಎರಡು ದಿನ ಒಂದೇ ನೀರನ್ನು ಮನೆಯಿಂದ ಹೊರಡಿಸಿ ಮತ್ತೆ ಮನೆಗೆ ಕರೆದುಕೊಂಡಿದ್ದೆವು. ನಿನ್ನ ಗಂಡ ಬಕೆಟ್ಟು ಎಸೆದು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ನಗು ಬರುವ ವಿಷಯ, ಆದರೆ ಆಗ ಯಾರಿಗೂ ನಗು ಬರಲಿಲ್ಲ.

ಟೈಲರಮ್ಮ ಹೊಲಿಯುವುದು ಬಿಟ್ಟು ಇಳಿದುಬಂದಳು. ಬಂದವಳು ಯಾರನ್ನೂ ಕೇಳದೆ ಬಾಗಿಲ ಹಿಂದೆ ಕೈಹಾಕಿ ಆ ಉದ್ದನೆಯ ರಬ್ಬರ್ ಬೂಟು ತೆಗೆದು ಹಾಕಿಕೊಂಡಳು. ಅವು ಹಿಂದಿನ ಬಾಡಿಗೆಯವರು ಬಿಟ್ಟುಹೋದ ಬೂಟು ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಚೆಂಡನ್ನು ಮೋರಿಬಾಯಿಗೆ ಒತ್ತಿ, ಹಲಗೆ ಇಟ್ಟು, ಇಟ್ಟಿಗೆ ಹೇರಿದಳು. ಬೀದಿಯ ನೀರು ನಿಂತಿತು. “ಮಳೆ ಬರೋ ಮುಂಚೆ ಇದನ್ನ ಇಡ್ಬೇಕು, ನಿಂತ್ಮೇಲೆ ತೆಗೀಬೇಕು. ನಿಮ್ಮ ಸೊಸೆ ಹೊರಡೋ ದಿನ ಇಟ್ಟೇ ಹೋಗಿದ್ಲು” ಎಂದಳು. ಆಗ ನಾವಿಬ್ಬರೂ ಬೆಪ್ಪುತಕ್ಕಡಿಗಳ ಹಾಗೆ ಮುಖ ಮುಖ ನೋಡಿಕೊಂಡೆವು. ಒಗೆಯುವ ಮಷೀನು ಇಟ್ಟಿಗೆಗಳ ಮೇಲೆ ಯಾಕೆ ನಿಂತಿದೆ, ಕೆಳಗಿನ ಕಪಾಟುಗಳೆಲ್ಲ ಮೊಣಕಾಲಿನ ಮಟ್ಟದಿಂದಲೇ ಯಾಕೆ ಶುರುವಾಗುತ್ತವೆ, ಮಳೆ ಬಂದರೆ ಸಾಕು ನೀನು “ಬಟ್ಟೆ ಒಣ ಹಾಕಿ ಬರ್ತೀನಿ” ಎಂದು ಕೆಳಗಿಳಿದು ಗಂಟೆಗಟ್ಟಲೆ ಯಾಕೆ ಮೇಲೆ ಬರುತ್ತಿರಲಿಲ್ಲ, ಒಂದೊಂದಾಗಿ ಎಲ್ಲ ತಲೆಗೆ ಹತ್ತಿತು. ಮಳೆಯಲ್ಲಿ ಬಟ್ಟೆ ಹೇಗೆ ಒಣಗುತ್ತದೆ ಎಂದು ಕೇಳುವಷ್ಟು ಬುದ್ಧಿ ನಮ್ಮಿಬ್ಬರಲ್ಲಿ ಒಬ್ಬನಿಗೂ ಇರಲಿಲ್ಲ ನೋಡು. ಜೀವನವಿಡೀ ಸಿನಿಮಾ ಮಂದಿರದ ಮೇಲಿನ ಗೂಡಿನಲ್ಲಿ ಕುಳಿತು ಪ್ರೊಜೆಕ್ಟರ್ ಓಡಿಸಿದವನು ನಾನು, ನೆಲದ ಕೆಳಗೆ ಏನು ನಡೆಯುತ್ತದೆಂದು ನನಗೆ ಹೇಗೆ ತಿಳಿಯಬೇಕು ಎಂದು ಟೈಲರಮ್ಮನಿಗೆ ಹೇಳಿದೆ. ಅವಳು ಬೂಟು ಕಳಚುತ್ತಾ, “ನಿಮಗೆ ತಿಳೀಬಾರ್ದು ಅಂತಾನೇ ಅವಳು ಒದ್ದಾಡ್ತಿದ್ದಿದ್ದು. ನಿಮಗೆ ಮೂಗಿನ ತುದೀಲೇ ಕೋಪ. ಗೊತ್ತಾದ್ರೆ ಮಾಲೀಕರ ಮೇಲೆ ಜಗಳಕ್ಕೆ ಹೋಗ್ತೀರ, ಅವರು ಮನೆ ಬಿಡಿ ಅಂತಾರೆ, ಮಗು ಸ್ಕೂಲು ಪಕ್ಕದಲ್ಲೇ ಇರೋ ಮನೆ ಕೈತಪ್ಪುತ್ತೆ ಅಂತ. ನಿಮ್ಮ ಮನೆಯವರೂ ಹಾಗೇ ಮಾಡ್ತಿದ್ರು. ಅವರೇ ಇವಳಿಗೆ ಕಲಿಸಿದ್ದು” ಎಂದಳು. ನಿನ್ನ ಅತ್ತೆಯ ಮಾತು ಬಂದ ಮೇಲೆ ನಾನು ಮೇಲೆ ಬಂದುಬಿಟ್ಟೆ. ಅವಳು ಕೊನೆಕೊನೆಗೆ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದಾಗ, ವಯಸ್ಸಾಯಿತು ಬಿಡು ಎಂದು ನಾನು ತಮಾಷೆ ಮಾಡುತ್ತಿದ್ದೆ.

ಇನ್ನು ಮಾಲೀಕರ ಕಥೆ ಕೇಳು. ಫೋನು ಮಾಡಿದರೆ ಅವರು ನಮ್ಮ ಮೇಲೆಯೇ ತಿರುಗಿಬಿದ್ದರು. “ಬೇಸಿಗೇಲಿ ನಾನೇ ಬಂದು ಕೇಳಿದ್ನಲ್ಲ ಸ್ವಾಮಿ, ಪಕ್ಕದ ಮನೆಗೆ ಗಾರೆಯವನು ಬಂದಿದ್ದಾನೆ, ನಿಮ್ಮನೆ ಕೆಳಗೂ ನೀರು ಬರೋದಿದ್ರೆ ಹೇಳಿ, ಸುತ್ತ ಕಾಲುವೆ ತೋಡಿಸಿಬಿಡ್ತೀನಿ ಅಂತ. ನೀವಿಬ್ರೂ ಏನಂದ್ರಿ?” ಎಂದರು. ಏನು ಹೇಳಿದ್ದೆವು ಎನ್ನುವುದು ನನಗೆ ಚೆನ್ನಾಗಿಯೇ ನೆನಪಿದೆ. ನಿನ್ನ ಗಂಡ ಎದೆ ಉಬ್ಬಿಸಿ, “ನಮ್ಮ ನೆಲಮಾಳಿಗೇಲಿ ಬೆಂಕಿಪೊಟ್ಟಣ ಬಿಚ್ಚಿಟ್ರೂ ಥಂಡಿ ಹಿಡಿಯಲ್ಲ ಸಾರ್” ಎಂದಿದ್ದ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಳೇ ಕಾಲದ ಕಟ್ಟಡ, ಈಗಿನವರಿಗೆ ಹೀಗೆ ಕಟ್ಟಲು ಬರುವುದಿಲ್ಲ ಎಂದು ಸರ್ಟಿಫಿಕೇಟು ಕೊಟ್ಟಿದ್ದೆ. ಆ ಹೊತ್ತಿನಲ್ಲಿ ನೀನು ಆಸ್ಪತ್ರೆಯಲ್ಲಿದ್ದೆ. ಸಂಜೆ ಬಂದಾಗ ಈ ಮಾತು ಹೇಳಿ ಬೀಗಿದ್ದಕ್ಕೆ ನೀನು ತಲೆಗೆ ಕೈಹಚ್ಚಿ ಕುಳಿತೆ, ತಲೆನೋವೇ ಎಂದು ನಾನು ಕೇಳಿದರೆ ಹೌದು ಮಾವ ಎಂದೆ ನೀನು. ಎಂಥ ತಲೆನೋವು ಎಂದು ಈಗ ತಿಳಿಯಿತು.

ಆದರೆ ಒಂದು ವಿಷಯಕ್ಕೆ ನೀನು ನನ್ನ ಬೆನ್ನು ತಟ್ಟಬೇಕು. ಮಾಲೀಕರು ಬಂದ ದಿನ ನಾನು ಜಗಳವಾಡಲಿಲ್ಲ. ಮಂಗಳಾರತಿ ಎತ್ತಲು ಬಾಯಿ ತುರಿಸುತ್ತಿತ್ತು, ತಡೆದುಕೊಂಡೆ. ನೆಲಮಾಳಿಗೆಯ ನೀರಿನ ನಡುವೆ ಒಂದು ಕುರ್ಚಿ ಹಾಕಿಸಿ, ಬನ್ನಿ, ಕುಳಿತುಕೊಂಡೇ ಮಾತಾಡೋಣ ಎಂದೆ. ಪಾಪ, ಶೂ ಬಿಚ್ಚಿ ಪ್ಯಾಂಟು ಮಡಿಸಿಕೊಂಡು ಕುಳಿತರು. ಚಹಾ ಕೊಟ್ಟೆವು. ಲೋಟ ಖಾಲಿಯಾಗುವ ಹೊತ್ತಿಗೆ ಅವರ ಮೂಗಿಗೂ ನಮ್ಮ ಕಷ್ಟ ಹತ್ತಿತ್ತು. ಮಳೆಗಾಲ ಮುಗಿದ ಮೇಲೆ ಹೊರಗಿನ ಕಾಲುವೆ ತೋಡಿಸುವುದಾಗಿ, ಅದಕ್ಕೆ ಮೊದಲೇ ಮೋರಿಗೆ ಹೊರಗಿನ ನೀರನ್ನು ಒಳಗೆ ಬಿಡದ ಒಂದು ಕವಾಟ ಹಾಕಿಸುವುದಾಗಿ ಒಪ್ಪಿದ್ದಾರೆ. ಪ್ಲಂಬರ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. “ನಾಳೆ ಬರ್ತೀನಿ” ಎಂದು ಹೋದವನ ನಾಳೆ ಇನ್ನೂ ಬಂದಿಲ್ಲ. ಹಾಗಾಗಿ ಸದ್ಯಕ್ಕೆ ನಮ್ಮ ಬಾಳು ಒಂದು ರಬ್ಬರ್ ಚೆಂಡಿನ ಮೇಲೆ ನಿಂತಿದೆ.

ಮನೆಯ ಸ್ಥಿತಿ ಹೇಳುತ್ತೇನೆ. ಚರಂಡಿಯ ನೀರು ನಿಂತರೂ ಗೋಡೆಯ ಒಸರು ನಿಂತಿಲ್ಲ. ದಿನಾ ಸಂಜೆ ಎತ್ತಲೇಬೇಕು, ಈಗ ಬೀದಿಯವರೆಗೆ ಹೊತ್ತೊಯ್ದೇ ಸುರಿಯುತ್ತೇವೆ. ಕಂಬಳಿಗಳು ಹೋದವು, ನಿನ್ನ ಮದುವೆಯ ಕಾಲದ ದೊಡ್ಡ ಪೆಟ್ಟಿಗೆಯ ತಳ ಉಬ್ಬಿ ಬಿರುಕು ಬಿಟ್ಟಿದೆ, ಒಳಗಿನ ಸೀರೆಗಳನ್ನು ಟೈಲರಮ್ಮ ತನ್ನ ಮನೆಯಲ್ಲಿ ಹರವಿದ್ದಾಳೆ. ಈ ತರಬೇತಿಗೆ ಆಯ್ಕೆಯಾಗಲು ನೀನು ನನ್ನ ಬಲಗಾಲಿನ ಅಚ್ಚು ತೆಗೆದು ಮಾಡಿದ್ದ ಪ್ಲಾಸ್ಟರ್ ಪಾದ ಮಾತ್ರ ಮೇಲಿನ ಕಪಾಟಿನಲ್ಲಿ ಒಣಗಿ ಕುಳಿತಿದೆ. ಕೈಗೆತ್ತಿಕೊಂಡು ನೋಡಿದೆ. ಹಿಮ್ಮಡಿಯ ಬಿರುಕನ್ನೂ ಬಿಡದೆ ಮಾಡಿದ್ದೀಯ, ನನ್ನ ಮರ್ಯಾದೆಗಾದರೂ ಸ್ವಲ್ಪ ಸವರಬಾರದಿತ್ತೇ. ಕೆಳಗಿನ ತೇವ ಮೇಲಕ್ಕೂ ಹತ್ತಿ, ಗೋಡೆಯ ಮೇಲೆ ಬೂಷ್ಟು ಕಪ್ಪಗೆ ಹಬ್ಬಿದೆ. ಉಟ್ಟ ಬಟ್ಟೆ, ಹಾಸಿಗೆ, ದಿಂಬು ಎಲ್ಲಕ್ಕೂ ಒಂದೇ ವಾಸನೆ. ನಿನ್ನ ಗಂಡ ಓಡಿಸುವ ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದಿನ ಜಾಗ ಖಾಲಿ ಇದ್ದರೂ ಯಾರೂ ಕೂರುತ್ತಿಲ್ಲವಂತೆ. ಕಂಡಕ್ಟರು, “ನಿಮ್ಮ ಶರಟು ಈ ವಾರಾನೂ ಒಣಗ್ಲಿಲ್ವಾ?” ಎಂದು ಎಲ್ಲರೆದುರು ಕೇಳಿದನಂತೆ. ಅದನ್ನು ಹೇಳುವಾಗ ನಿನ್ನ ಗಂಡ ನಗುತ್ತಲೇ ಇದ್ದ, ಆದರೆ ಆ ರಾತ್ರಿ ಊಟ ಸೇರಲಿಲ್ಲ ಅವನಿಗೆ.

ಮಗುವಿಗೆ ಕೆಮ್ಮು. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೆ ಏನನ್ನೂ ಬಿಡಬಾರದು ಎಂದಿದ್ದಾನೆ ನಿನ್ನ ಗಂಡ. ಥಂಡಿಯಿಂದ ಬಂದ ಕೆಮ್ಮು, ಒಣ ಜಾಗದಲ್ಲಿ ಮಲಗಿಸಿ ಎಂದರು ಡಾಕ್ಟರು. ಅದಕ್ಕೇ ರಾತ್ರಿ ಮೇಲೆ ಟೈಲರಮ್ಮನ ಮನೆಯಲ್ಲಿ ಮಲಗುತ್ತಾಳೆ. ಹೋಗುವಾಗ ನಿನ್ನ ಹಳೇ ಶಾಲು ಬಗಲಿಗೆ ಸಿಕ್ಕಿಸಿಕೊಂಡು ಹೋಗುತ್ತಾಳೆ. ಅದಕ್ಕೂ ಬೂಷ್ಟಿನ ವಾಸನೆ ಹತ್ತಿದೆ, ಬೇಡ ಪುಟ್ಟಾ ಎಂದರೆ, “ಒಳಗಡೆ ಅಮ್ಮನ ವಾಸನೆ ಇದೆ ತಾತಾ, ನಿನ್ನ ಮೂಗಿಗೆ ಗೊತ್ತಾಗಲ್ಲ” ಎನ್ನುತ್ತಾಳೆ. ಆ ಮಾತು ಕೇಳಿದ ದಿನವೇ ನಿನ್ನ ಗಂಡ, ಅವಳನ್ನು ಕರೆಸೋಣ ಕಣಪ್ಪಾ ಎಂದು ಹಟ ಹಿಡಿದದ್ದು. ಬೆಳಗಿನ ಜಾವ ಡ್ಯೂಟಿಗೆ ಹೋಗಬೇಕು, ಬಂದು ಅಡಿಗೆ ಮಾಡಬೇಕು, ಮಗುವನ್ನು ಓದಿಸಬೇಕು, ನೀರು ಎತ್ತಬೇಕು. ನಾನು ಅರ್ಧ ಆಳು, ಅದೂ ಮೆಟ್ಟಿಲ ಮೇಲೆ ನಿಲ್ಲುವ ಆಳು. ಈಗ ಎದುರಿಗೆ ಕುರ್ಚಿಯಲ್ಲಿ ತಲೆ ವಾಲಿಸಿಕೊಂಡು ಮಲಗಿದ್ದಾನೆ. ಕಣ್ಣ ಕೆಳಗೆ ಕಪ್ಪಾಗಿದೆ, ಅಂಗೈಯಲ್ಲಿ ಬಕೆಟ್ಟಿನ ಹಿಡಿಯ ಬೊಕ್ಕೆ. ನಾವು ಮೂವರೂ ನಿನ್ನನ್ನು ನೆನೆಯದ ಹೊತ್ತಿಲ್ಲ. ಸುಸ್ತಾಗಿದೆ ಮಗಳೇ, ಅಷ್ಟೇ ಹೇಳಬಲ್ಲೆ.

ಆದ್ದರಿಂದ ನಿನ್ನ ಗಂಡನ ಮಾತನ್ನು ಅವನ ಬಾಯಿಂದ ಬಂದ ಹಾಗೆಯೇ ಬರೆಯುತ್ತೇನೆ: “ಕಲಿಕೆ ಇವತ್ತಲ್ಲ ನಾಳೆ ಆಗುತ್ತೆ, ಮನೆ ಮೊದಲು. ಈ ವಾರವೇ ಹೊರಟು ಬಾ.” ಯಾವ ಬಸ್ಸಿಗೆ ಬರುತ್ತೀಯ ಎಂದು ತಿಳಿಸಿದರೆ ನಿಲ್ದಾಣಕ್ಕೆ ತಾನೇ ಬರುತ್ತಾನಂತೆ.

ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗಿಯನ್ನು ಕೇಳಿದೆ ಎಂದು ಹೇಳು. ಪಾಠ ಹೇಳುವವರಿಗೆ ನನ್ನ ನಮಸ್ಕಾರ. ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು, ಕೈಗೆ ಎಣ್ಣೆ ಹಚ್ಚು. ನಿನಗೆ ಎಲ್ಲ ಒಳ್ಳೆಯದೇ ಆಗಲಿ, ನೀನು ಮುಟ್ಟಿದ್ದೆಲ್ಲ ನೆಟ್ಟಗೆ ನಿಲ್ಲಲಿ.

ಇತಿ,
ನಿನ್ನ ಮಾವ

ಬರೆಯದೆ ಬಿಟ್ಟದ್ದು: ಅವನು ಎದ್ದು ಓದಿದ. “ಚೆನ್ನಾಗಿ ಬರ್ದಿದ್ದೀಯಪ್ಪಾ, ಇದನ್ನ ಓದಿದ್ರೆ ಖಂಡಿತ ಬರ್ತಾಳೆ” ಎಂದು ಕಣ್ಣು ಒರೆಸಿಕೊಂಡು, ಲಕೋಟೆಗೆ ಅಂಟು ತರಲು ಮೇಲಿನ ಮನೆಗೆ ಹೋಗಿದ್ದಾನೆ. ಇಳಿದು ಬರುವಷ್ಟರಲ್ಲಿ ಬರೆದು ಮಡಿಸಬೇಕು, ಅಕ್ಷರ ಓರೆಕೋರೆಯಾದರೆ ಬೇಸರ ಮಾಡಿಕೊಳ್ಳಬೇಡ. ನೀನು ಬರಬೇಡ. ಮೇಲೆ ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ, ಆದರೆ ಡಾಕ್ಟರು ಮೊನ್ನೆ ಮತ್ತೆ ನೋಡಿ ಮಗುವಿನ ಎದೆ ಸ್ವಚ್ಛವಾಗಿದೆ, ಕೆಮ್ಮು ಇಳಿಯುತ್ತಿದೆ ಎಂದರು. ಅದನ್ನೂ ಬರೆಯಲೇ ಎಂದಾಗ ನಿನ್ನ ಗಂಡ, “ಅದೊಂದು ಬೇಡ ಬಿಡಪ್ಪಾ” ಎಂದ. ಅವನ ಮೇಲೆ ಸಿಟ್ಟಾಗಬೇಡ, ಕೆಟ್ಟವನಲ್ಲ, ನೀನಿಲ್ಲದೆ ಸೋತಿದ್ದಾನೆ. ನೀನು ಬಂದರೆ ಎರಡೇ ದಿನದಲ್ಲಿ ಈ ಮನೆ ಸರಿಹೋಗುತ್ತದೆ, ಅದೇ ನನಗೆ ಹೆದರಿಕೆ. ಸರಿಹೋದ ಮನೆಯಿಂದ ನಿನ್ನನ್ನು ಮತ್ತೆ ಯಾರೂ ಕಳಿಸುವುದಿಲ್ಲ, ನಾನೂ ಕಳಿಸಲಿಕ್ಕಿಲ್ಲ. ಈ ನೀರು ನಿನ್ನ ಅತ್ತೆಯ ಸೊಂಟ ತಿಂದದ್ದು ಸಾಕು. ಮೆಟ್ಟಿಲ ಸದ್ದು ಕೇಳುತ್ತಿದೆ. ಅವನು ಫೋನು ಮಾಡಿದರೆ, ಮಾವನ ಕಾಗದ ಬಂತು, ಓದಿ ತುಂಬಾ ಅಳು ಬಂತು, ಏನು ಮಾಡಿದರೂ ರಜೆ ಕೊಡುತ್ತಿಲ್ಲ ಎಂದು ಹೇಳಿಬಿಡು. ನೆಲಮಾಳಿಗೆ ಒಣಗಿಯೇ ಇದೆ ಎಂದು ಇಷ್ಟು ವರ್ಷ ನಮ್ಮಿಬ್ಬರನ್ನೂ ನಂಬಿಸಿದವಳಿಗೆ ಇದೊಂದು ಸುಳ್ಳು ಹೇಳುವುದು ಕಷ್ಟವೇ?